ಅದೇ ಬೇಕು

ಅವತ್ತು ಕಲ್ಲಿನಾಥನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹನ್ನೆರಡು ವರ್ಷ ಕಾದ ದಿನ ಬಂದಿತ್ತು. ಬೆಳಗಿನಿಂದ ನಾಲ್ಕು ಸಲ ಹೊಳೆಯ ದಡಕ್ಕೆ ಓಡಿಹೋಗಿ, ದೋಣಿ ಬಂತೇ ಎಂದು ನೋಡಿ ಬಂದಿದ್ದ.

ಆಚೆ ದಡದ ಊರವರು ಪುಟ್ಟ ಮಕ್ಕಳಿಗೆಂದು ಪಾಠಶಾಲೆ ಕಟ್ಟಿದ್ದರು. ಒಬ್ಬ ಮೇಷ್ಟ್ರನ್ನು ಕಳಿಸಿಕೊಡಿ ಎಂದು ಗುರು ಶಿವಚಿತ್ತರನ್ನು ಕೇಳಿದ್ದರು. ಗುರುಗಳು ಕಲ್ಲಿನಾಥನ ಹೆಸರು ಹೇಳಿದ್ದರು. ಅವನನ್ನು ಎದುರುಗೊಳ್ಳಲು ಬಾರಿಸುತ್ತಿದ್ದ ಡೊಳ್ಳಿನ ಸದ್ದು ಆಗಲೇ ನೀರಿನ ಮೇಲೆ ತೇಲಿ ಬರುತ್ತಿತ್ತು.

ಹೊರಡುವುದಕ್ಕೆ ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಶಿಷ್ಯ ತಾನೇ ಬೀಜ ಹಾಕಿ ಬೆಳೆದ ಸೋರೆಕಾಯಿಯನ್ನು ಒಣಗಿಸಿ, ತಿರುಳು ಕೆರೆದು, ಆ ಬುರುಡೆಯಲ್ಲಿ ಹೊಳೆಯ ನೀರು ತರಬೇಕು. ಗುರು ಒಂದು ಗುಟುಕು ಕುಡಿದರೆ ಅದೇ ಅಪ್ಪಣೆ. ಕುಡಿಯದಿದ್ದರೆ ಇನ್ನೊಂದು ವರ್ಷ, ಇನ್ನೊಂದು ಬಳ್ಳಿ.

ಕಲ್ಲಿನಾಥ ತನ್ನ ಬುರುಡೆಗೆ ಎಣ್ಣೆ ಹಚ್ಚಿ ಉಜ್ಜಿ ಉಜ್ಜಿ, ಅದರಲ್ಲಿ ಮುಖ ಕಾಣುವ ಹಾಗೆ ಮಾಡಿಟ್ಟುಕೊಂಡಿದ್ದ.

"ಗುರುಗಳೇ, ನೀರು ತುಂಬಿಕೊಂಡು ಬರ್ಲಾ?"

"ದೋಣಿ ಬರಲಿ ಕಣಪ್ಪ. ಅಲ್ಲಿವರೆಗೂ ಹೊನ್ನಿನ ನೋಡ್ಕೋ."

ಹೊನ್ನಿ ಅಂಬಿಗ ಕೆಂಚನ ಮಗಳು. ವಯಸ್ಸು ಮೂರು. ಅಪ್ಪ ದೋಣಿ ನಡೆಸುವಷ್ಟು ಹೊತ್ತು ಆಶ್ರಮದ ಅಂಗಳದಲ್ಲಿ ಆಡಿಕೊಂಡಿರುತ್ತಿದ್ದಳು.

"ಇಷ್ಟೇ ತಾನೇ?" ಎಂದು ಕಲ್ಲಿನಾಥ ನಕ್ಕ. ಕೋಪ ಗೆಲ್ಲುವುದು ಹೇಗೆಂಬ ಬಗ್ಗೆಯೇ ಅವನಿಗೆ ನೂರೆಂಟು ಶ್ಲೋಕ ಬಾಯಿಪಾಠವಿತ್ತು. ಮೂರು ವರ್ಷದ ಮಗು ಯಾವ ಲೆಕ್ಕ?

ಹೊನ್ನಿ ಬಾಳೆಹಣ್ಣು ಹಿಡಿದು ಬಂದಳು. ಸಿಪ್ಪೆ ಸುಲಿಯಲು ಪುಟ್ಟ ಬೆರಳುಗಳಲ್ಲಿ ಒದ್ದಾಡುತ್ತಿದ್ದಳು. ಕಲ್ಲಿನಾಥ ಉಪಕಾರ ಮಾಡಲು ಹೋದ. ಹಣ್ಣು ಕಿತ್ತುಕೊಂಡು ಸರಕ್ಕನೆ ಸುಲಿದ. ಅದು ನಡುವಿಗೇ ಮುರಿಯಿತು.

ಹೊನ್ನಿ ಒಂದು ಕ್ಷಣ ಆ ಎರಡು ತುಂಡುಗಳನ್ನು ನೋಡಿದಳು. ಆಮೇಲೆ ಧೊಪ್ಪನೆ ನೆಲಕ್ಕೆ ಬಿದ್ದು, ಕೈಕಾಲು ಬಡಿಯುತ್ತ, ಮುಗಿಲು ಮುಟ್ಟುವ ಹಾಗೆ ಕಿರುಚಿದಳು.

"ಅಂಟಿಸು! ಅಂಟಿಸು!"

"ಹಣ್ಣು ಅಂಟಿಸೋಕಾಗುತ್ತೇನೆ? ಬೇರೆ ತಂದ್ಕೊಡ್ತೀನಿ ಇರು."

"ಅದೇ ಬೇಕು!"

ಕಲ್ಲಿನಾಥ ಒಂದು ಚಿಪ್ಪು ಹಣ್ಣನ್ನೇ ತಂದ. ಹೊನ್ನಿ ಚಿಪ್ಪನ್ನು ಒದ್ದಳು. ಮುರಿದರೂ ರುಚಿ ಒಂದೇ ಎಂದು ವಿವರಿಸಿದ. ಕಣ್ಣು ಮುಚ್ಚಿ ಉಸಿರು ಎಳೆದುಕೋ, ನಿಧಾನಕ್ಕೆ ಬಿಡು ಎಂದು ಮೂರು ವರ್ಷದ ಕೂಸಿಗೆ ಪ್ರಾಣಾಯಾಮವನ್ನೂ ಹೇಳಿಕೊಟ್ಟ. ಅವಳು ಉಸಿರೇನೋ ಎಳೆದುಕೊಂಡಳು. ಬಿಡುವಾಗ ಮಾವಿನ ಮರದ ಗಿಳಿಗಳೆಲ್ಲ ಎದ್ದು ಹಾರಿದವು.

ಶ್ಲೋಕ ಹೇಳಿದ. ಗುಮ್ಮ ಬರುತ್ತಾನೆ ಎಂದು ಹೆದರಿಸಿದ. ಆಮೇಲೆ ನೂರೆಂಟೂ ಮರೆತುಹೋಯಿತು.

"ಸುಮ್ಮನಿರ್ತೀಯೋ ಇಲ್ವೋ!" ಎಂದು ಅರಚಿ ಕೈ ಎತ್ತಿದ.

ಎತ್ತಿದ ಕೈ ಹಾಗೇ ನಿಂತಿತು. ಎದುರಿಗೆ ಶಿವಚಿತ್ತರು ನಿಂತಿದ್ದರು.

ಗುರುಗಳು ಅವನನ್ನು ದಾಟಿ ಮುಂದೆ ಬಂದರು. ಮಗುವಿನಿಂದ ಒಂದು ಮಾರು ದೂರದಲ್ಲಿ, ಅವಳು ಒದ್ದ ಚಿಪ್ಪನ್ನು ಪಕ್ಕಕ್ಕಿಟ್ಟು, ನೆಲದ ಮೇಲೆ ಕುಳಿತರು.

"ಮುರೀತಾ?" ಎಂದರು.

ಹೊನ್ನಿ ಇನ್ನೂ ಜೋರಾಗಿ ಅತ್ತಳು.

"ಇಡೀದು ಬೇಕಿತ್ತು."

"ಹೂಂ!" ಎಂದು ಅವಳು ನೆಲ ಗುದ್ದಿದಳು.

ಅಷ್ಟೇ. ಗುರುಗಳು ಮತ್ತೆ ಬಾಯಿ ತೆರೆಯಲಿಲ್ಲ, ಏಳಲೂ ಇಲ್ಲ. ಕಿರುಚಾಟ ಅಳುವಾಯಿತು, ಅಳು ಬಿಕ್ಕಾಯಿತು. ಹೊನ್ನಿ ತೆವಳಿಕೊಂಡು ಬಂದು ಅವರ ತೊಡೆಗೆ ಒರಗಿ, ಮೂಗು ಒರೆಸಿಕೊಂಡು, ಮುರಿದ ಹಣ್ಣಿನ ಒಂದು ತುಂಡನ್ನು ತಿನ್ನತೊಡಗಿದಳು.

ಅಷ್ಟರಲ್ಲಿ ದೋಣಿ ಕಂಡಿತು. ಕೆಂಚ ಹುಟ್ಟು ಹಾಕುತ್ತ ನಡುಹೊಳೆ ದಾಟಿದ್ದ. ಆಚೆ ಡೊಳ್ಳು ಇನ್ನೂ ಜೋರಾಯಿತು.

ಕಲ್ಲಿನಾಥ ದಡಕ್ಕೆ ಓಡಿದ. ಇನ್ನೊಂದು ತುಂಡು ಹಣ್ಣು ಹಿಡಿದಿದ್ದ ಹೊನ್ನಿಯನ್ನು ಕರೆದುಕೊಂಡು ಗುರುಗಳೂ ಹಿಂದೆಯೇ ಬಂದರು. ಬುರುಡೆಯಲ್ಲಿ ನೀರು ತುಂಬಿಕೊಂಡು ಗುರುಗಳ ಮುಂದೆ ಹಿಡಿದ.

ಗುರುಗಳು ಬುರುಡೆ ಮುಟ್ಟಲಿಲ್ಲ.

"ಕೈ ಎತ್ತಿದೆಯಲ್ಲಪ್ಪ," ಎಂದರು.

ಕಲ್ಲಿನಾಥನ ತಲೆಗೆ ರಕ್ತ ಏರಿತು. "ಹನ್ನೆರಡು ವರ್ಷ ಗುರುಗಳೇ! ಒಂದು ಬಾಳೆಹಣ್ಣಿಗೋಸ್ಕರ ಎಲ್ಲ ಹೋಯ್ತಾ? ಯಾರಿಗೆ ಬೇಕು ಈ ಬುರುಡೆ!"

ಬಟ್ಟೆ ಒಗೆಯುವ ಕಲ್ಲಿಗೆ ಅದನ್ನು ಅಪ್ಪಳಿಸಿದ. ಬುರುಡೆ ಎರಡು ಹೋಳಾಯಿತು.

ಆ ಸದ್ದಿಗೆ ಅವನೇ ಬೆಚ್ಚಿದ. ಎರಡು ಹೋಳುಗಳನ್ನೂ ಎತ್ತಿಕೊಂಡು ಒಂದಕ್ಕೊಂದು ಹೊಂದಿಸಿ ನೋಡಿದ. ಬಿಟ್ಟರೆ ಬಿದ್ದವು. ಮತ್ತೆ ಹೊಂದಿಸಿದ.

"ನನ್ನ ಹತ್ರ ಇನ್ನೊಂದು ಬುರುಡೆ ಇದೆ," ಎಂದರು ಗುರುಗಳು. "ಕೊಡ್ಲಾ?"

"ಬೇಡ! ನನಗೆ ಅದೇ ಬೇಕು!"

ಹಾಗೆಂದವನೇ ಮರಳಲ್ಲಿ ಕುಸಿದು ಕುಳಿತ. ಮೂವತ್ತು ವರ್ಷದ ಗಂಡಸು, ಗಡ್ಡ ಬಂದವನು, ಮಂಡಿಗೆ ಮುಖ ಒತ್ತಿ ಹೋ ಎಂದು ಅತ್ತ. ನಾಚಿಕೆಯಾಗುತ್ತಿತ್ತು, ಆದರೂ ಅಳು ನಿಲ್ಲಲಿಲ್ಲ.

ಯಾರೋ ಬಂದು ಕುಳಿತ ಸದ್ದಾಯಿತು. ಗುರುಗಳಿರಬೇಕು ಎಂದುಕೊಂಡು ಅವನು ತಲೆ ಎತ್ತಲಿಲ್ಲ.

"ಮುರೀತಾ?"

ಹೊನ್ನಿಯ ದನಿ. ಒಂದು ಮಾರು ದೂರದಲ್ಲಿ, ಗುರುಗಳ ಹಾಗೆಯೇ ಕಾಲು ಮಡಚಿ ಕುಳಿತಿದ್ದಳು.

"ಹೂಂ," ಎಂದ ಕಲ್ಲಿನಾಥ.

"ಇಡೀದು ಬೇಕಿತ್ತು."

"ಹೂಂ ಕಣವ್ವ. ಇಡೀದು ಬೇಕಿತ್ತು."

ಹೊನ್ನಿ ಮತ್ತೇನೂ ಕೇಳಲಿಲ್ಲ. ಅವನು ಅಳುವಷ್ಟು ಹೊತ್ತೂ ಅಲ್ಲೇ ಕುಳಿತಳು. ಬಿಕ್ಕು ನಿಂತಾಗ, ಮರಳು ಮೆತ್ತಿದ ಇನ್ನೊಂದು ತುಂಡು ಹಣ್ಣನ್ನು ಅವನ ಮುಂದೆ ಚಾಚಿದಳು.

ತಾನು ಈಗಷ್ಟೇ ಕೂಗಿದ್ದು ಏನೆಂದು ಆಗ ಕಲ್ಲಿನಾಥನಿಗೆ ನೆನಪಾಯಿತು. ಕಣ್ಣಲ್ಲಿ ನೀರಿದ್ದ ಹಾಗೆಯೇ ನಗು ಬಂತು. ಹಣ್ಣನ್ನು ಮರಳಿನ ಸಮೇತ ಬಾಯಿಗೆ ಹಾಕಿಕೊಂಡ.

ದೋಣಿ ದಡಕ್ಕೆ ತಾಗಿತು. ಶಿವಚಿತ್ತರು ಹತ್ತಿರ ಬಂದು, ಬುರುಡೆಯ ಒಂದು ಹೋಳನ್ನು ತೆಗೆದುಕೊಂಡು, ಹೊಳೆಯಲ್ಲಿ ಅದ್ದಿ ನೀರು ಮೊಗೆದರು. ಅವನ ಎದುರಿಗೇ ನಿಂತು ಕುಡಿದರು.

ಕಲ್ಲಿನಾಥ ಗಾಬರಿಯಿಂದ ಎದ್ದು ನಿಂತ.

"ಗುರುಗಳೇ, ಮಗು ಮೇಲೆ ಕೈ ಎತ್ತಿದವನು ನಾನು. ಯಾವ ಮುಖ ಹೊತ್ಕೊಂಡು ಹೋಗ್ಲಿ?"

ಗುರುಗಳು ಗಡ್ಡದ ನೀರು ಒರೆಸಿಕೊಂಡರು.

"ನೂರೆಂಟು ಶ್ಲೋಕದವನು ಇಲ್ಲೇ ಇರಲಿ ಬಿಡು. ಮರಳಲ್ಲಿ ಕೂತು ಅತ್ತನಲ್ಲ, ಆ ಮೇಷ್ಟ್ರನ್ನ ದೋಣಿ ಹತ್ತಿಸು."