ಸಾಸಿವೆ ಸಿಡಿಯಲು ಕಲಿತದ್ದು

ಲೋಕದಲ್ಲಿ ಇನ್ನೂ ಹೊಸ ಮಡಕೆಯ ವಾಸನೆ ಬರುತ್ತಿದ್ದ ಕಾಲ ಅದು. ಹೊಳೆಗಳು ತಾವು ಹರಿಯುವ ದಾರಿಯನ್ನು ಆಗಷ್ಟೇ ಗೊತ್ತುಮಾಡಿಕೊಂಡಿದ್ದವು. ಗಾಳಿಗೆ ಬೀಸುವುದಕ್ಕಿಂತ ಹರಟೆ ಹೊಡೆಯುವುದೇ ಹೆಚ್ಚು ಇಷ್ಟ. ಬೆಂಕಿ ಮಾತಾಡುತ್ತಿತ್ತು, ನೀರು ಮಾತಾಡುತ್ತಿತ್ತು. ಅಡುಗೆಮನೆಯ ಕಾಳುಗಳಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಮಾತಾಡದೆ ಇದ್ದದ್ದು ಎಣ್ಣೆ ಮಾತ್ರ. ನೀರು ಕಾದರೆ ಗುಳುಗುಳು ಎಂದು ಮನೆಗೆಲ್ಲ ಕೇಳುವಂತೆ ಹೇಳುತ್ತಿತ್ತು. ಹಾಲು ಕಾದರೆ ಎದ್ದು ಪಾತ್ರೆಯಿಂದ ಹೊರಗೇ ಓಡುತ್ತಿತ್ತು. ಎಣ್ಣೆ ಮಾತ್ರ ತಣ್ಣಗಿದ್ದಾಗಲೂ ಸುಮ್ಮನೆ, ಕಾದಾಗಲೂ ಸುಮ್ಮನೆ. ಅದರ ಮುಖ ನೋಡಿ ಏನನ್ನೂ ತಿಳಿಯುವ ಹಾಗಿರಲಿಲ್ಲ.

ಹೊಳೆಯ ದಂಡೆಯಲ್ಲಿ ಚೆಲುವಕ್ಕ ಎಂಬ ಹೆಂಗಸು ಇದ್ದಳು. ಅಡುಗೆ ಎನ್ನುವುದೇ ಆಗ ಹೊಸದು. ಇಷ್ಟು ಹಾಕು, ಅಷ್ಟು ಹಾಕು ಎಂದು ಹೇಳಿಕೊಡಲು ಅವಳಿಗೆ ಯಾರೂ ಇರಲಿಲ್ಲ. ಬೇಳೆ ಬೇಯಿಸಿ ಉಪ್ಪು ಹಾಕಿದರೆ ಸಾರಾಯಿತು ಎಂದುಕೊಂಡಿದ್ದಳು. ಪಾಪ, ಬೇರೆ ಸಾರು ಕಂಡಿರದ ಮನೆಯವರು ಅದನ್ನೇ ಉಂಡು ಚೆನ್ನಾಗಿದೆ ಅನ್ನುತ್ತಿದ್ದರು.

ಒಮ್ಮೆ ಅವಳ ಮಗಳು ಕೆಂಪಿಗೆ ಜ್ವರ ಬಂತು. ಜ್ವರವೇನೋ ಬಿಟ್ಟಿತು, ಆದರೆ ಹೋಗುವಾಗ ಹುಡುಗಿಯ ನಾಲಿಗೆಯ ರುಚಿಯನ್ನೂ ಹೊತ್ತುಕೊಂಡು ಹೋಯಿತು. ಗಂಜಿ ಕೊಟ್ಟರೆ ಮುಖ ತಿರುಗಿಸುತ್ತಿದ್ದಳು. ಅನ್ನ ಸಾರು ಕೊಟ್ಟರೆ ಗೋಡೆ ನೋಡುತ್ತಾ ಮಲಗುತ್ತಿದ್ದಳು. ದಿನದಿಂದ ದಿನಕ್ಕೆ ಕಡ್ಡಿಯಾಗುತ್ತಾ ಹೋದಳು. ಹೀಗೇ ಆದರೆ ಮಗಳು ಉಳಿಯುವುದಿಲ್ಲ ಎಂದು ಚೆಲುವಕ್ಕನಿಗೆ ಭಯವಾಯಿತು.

ಅವಳು ಮರದ ಸಾಂಬಾರ ಬಟ್ಟಲಿನ ಮುಚ್ಚಳ ತೆಗೆದು ಅದರ ಮುಂದೆ ಕುಳಿತಳು. ಅದರ ಗುಳಿಗಳಲ್ಲಿ ಜೀರಿಗೆ, ಮೆಂತ್ಯ, ಕರಿಬೇವು, ಸಾಸಿವೆ ಸಂಸಾರ ಹೂಡಿದ್ದವು. ನಿಮ್ಮಲ್ಲಿರುವ ಘಮವನ್ನು ನನ್ನ ಸಾರಿಗೆ ಒಂದಿಷ್ಟು ಕೊಡುತ್ತೀರಾ ಎಂದು ಕೇಳಿದಳು.

ಕೊಡದೆ ಏನು, ಅಂದಿತು ಜೀರಿಗೆ. ಆದರೆ ತಮ್ಮ ಘಮ ಒಳಗೆ ಬೀಗ ಹಾಕಿಕೊಂಡು ಕೂತಿದೆ, ಹದವಾಗಿ ಕಾದ ಎಣ್ಣೆಯಲ್ಲಿ ಮಾತ್ರ ಅದು ಬಾಗಿಲು ತೆಗೆಯುತ್ತದೆ ಎಂದೂ ಹೇಳಿತು. ಮೆಂತ್ಯ ಹೌದೆಂದು ತಲೆದೂಗಿತು. ಸಾಸಿವೆಯೂ ಏನೋ ಹೇಳಲು ಬಾಯಿ ತೆರೆಯಿತು. ಅದನ್ನು ಯಾರು ಕೇಳಬೇಕು? ಮೂಗಿನ ಹತ್ತಿರ ಹಿಡಿದರೂ ಅದಕ್ಕೆ ವಾಸನೆ ಇಲ್ಲ. ಅಷ್ಟು ಸಣ್ಣದು ಬೇರೆ. ಅದನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಅದನ್ನು ಇಷ್ಟಪಡುತ್ತಿದ್ದವಳು ಕೆಂಪಿ ಮಾತ್ರ. ಜ್ವರ ಬರುವ ಮೊದಲು ದಿನಾ ಬಂದು ಅದನ್ನು ಅಂಗೈಯಲ್ಲಿ ಉರುಳಿಸಿ ಆಡುತ್ತಿದ್ದಳು.

ಚೆಲುವಕ್ಕ ಕಬ್ಬಿಣದ ಸೌಟಿನಲ್ಲಿ ಎಣ್ಣೆ ಇಟ್ಟಳು. ಜೀರಿಗೆ ದೊಡ್ಡ ಗತ್ತಿನಿಂದ ಇಳಿಯಿತು. ಎಣ್ಣೆ ಇನ್ನೂ ತಣ್ಣಗಿತ್ತು. ಜೀರಿಗೆ ಅದರಲ್ಲಿ ಸುಮ್ಮನೆ ತೋಯ್ದು, ಜಿಡ್ಡು ಮೆತ್ತಿಕೊಂಡು ಸಾರಿನ ಮೇಲೆ ತೇಲಿತು. ಕೆಂಪಿ ಒಂದು ಗುಟುಕು ಕುಡಿದು ಗೋಡೆಯ ಕಡೆ ತಿರುಗಿದಳು.

ಈ ಸಲ ಚೆಲುವಕ್ಕ ಎಣ್ಣೆಯನ್ನು ಬಹಳ ಹೊತ್ತು ಕಾಯಿಸಿದಳು. ತೀರಾ ಬಹಳ ಹೊತ್ತು. ಮೆಂತ್ಯ ಒಳಗೆ ಹಾರಿದ್ದೇ ತಡ, ಅಯ್ಯೋ ಅನ್ನುವುದರೊಳಗೆ ಸೀದು ಕಪ್ಪಾಯಿತು. ಸಾರು ಬಾಯಿಗಿಡುವ ಹಾಗಿರಲಿಲ್ಲ, ಕೆಂಪಿ ಉಗುಳಿಬಿಟ್ಟಳು. ಮೆಂತ್ಯಕ್ಕೆ ಅವತ್ತು ಬಂದ ಸಿಟ್ಟಿನ ಕಹಿ ಇವತ್ತಿಗೂ ಇಳಿದಿಲ್ಲ.

ಇದನ್ನು ಕಂಡ ಕರಿಬೇವು ತಾನು ಬರುವುದಿಲ್ಲ ಎಂದು ಮುಚ್ಚಳದ ಹಿಂದೆ ಅಡಗಿತು. ಗಡಿಗೆಯ ತಳದಲ್ಲಿ ಇನ್ನೊಂದು ಒಗ್ಗರಣೆಗಾಗುವಷ್ಟೇ ಎಣ್ಣೆ ಉಳಿದಿತ್ತು. ಹೊಸ ಎಣ್ಣೆ ತೆಗೆಯೋಣವೆಂದರೆ ಹೊಲದಲ್ಲಿ ಎಳ್ಳು ಇನ್ನೂ ಹೂವಿನಲ್ಲಿತ್ತು. ಇದೂ ಕೆಟ್ಟರೆ ಮುಂದೆ ಮಗಳ ಬಾಯಿಗೆ ರುಚಿಸುವಂಥದ್ದು ಏನೂ ಇಲ್ಲ.

ಹದ ಯಾವಾಗ ಅಂತ ನೀನೇ ಹೇಳು ಎಂದು ಚೆಲುವಕ್ಕ ಬೆಂಕಿಯನ್ನು ಕೇಳಿದಳು. ಉರಿಯುವುದು ನನ್ನ ಕೆಲಸ, ನೋಡಿಕೊಳ್ಳುವುದು ನಿನ್ನ ಕೆಲಸ ಅಂದಿತು ಬೆಂಕಿ. ಗಾಳಿಯನ್ನು ಕೇಳಿದಳು. ವಾಸನೆ ಹುಟ್ಟಿದ ಮೇಲೆ ನನ್ನನ್ನು ಕರೆ, ಹುಟ್ಟಿಸುವುದು ನನಗೆ ಗೊತ್ತಿಲ್ಲ ಅಂದಿತು ಗಾಳಿ. ಎಣ್ಣೆಯನ್ನೂ ಕೇಳಿದಳು. ಎಣ್ಣೆ ಎಂದಿನಂತೆ ಸುಮ್ಮನೆ ಹೊಳೆಯಿತು.

ಆಗ ಬಟ್ಟಲಿನ ಮೂಲೆಯಿಂದ ಸಣ್ಣ ದನಿಯೊಂದು ಕೇಳಿತು.

"ಚೆಲುವಕ್ಕ, ನಾನು ಮೊದಲು ಹೋಗ್ತೀನಿ," ಅಂದಿತು ಸಾಸಿವೆ. "ಹದ ಬಂದಾಗ ಹೇಳ್ತೀನಿ. ನನ್ನಲ್ಲಿ ಕೆಡೋಕೆ ಘಮ ಏನೂ ಇಲ್ಲವಲ್ಲ."

ಜೀರಿಗೆ ನಕ್ಕಿತು. ನಿನ್ನ ದನಿ ನಿನಗೇ ಕೇಳಿಸುವುದಿಲ್ಲ, ನಮಗೆ ಹೇಗೆ ಹೇಳುತ್ತೀಯೆ ಎಂದು ಕೇಳಿತು. ಅದು ಸಾಸಿವೆಗೂ ಗೊತ್ತಿರಲಿಲ್ಲ. ಹೆದರಿಕೆ ಬೇರೆ ಆಗುತ್ತಿತ್ತು. ಆದರೂ ಹಾಸಿಗೆಯಲ್ಲಿದ್ದ ಕೆಂಪಿಯ ಕಡೆ ಒಮ್ಮೆ ನೋಡಿ, ತನ್ನ ಬಳಗವನ್ನು ಕರೆದುಕೊಂಡು ಸೌಟಿಗೆ ಇಳಿಯಿತು.

ಎಣ್ಣೆ ತಣ್ಣಗಿತ್ತು. ಸಾಸಿವೆ ಸುಮ್ಮನಿತ್ತು.

ಎಣ್ಣೆ ಬೆಚ್ಚಗಾಯಿತು. ಬರಲಾ ಎಂದು ಜೀರಿಗೆ ಕೂಗಿತು. ಸಾಸಿವೆ ಸುಮ್ಮನಿತ್ತು.

ಎಣ್ಣೆ ಬಿಸಿಯಾಯಿತು. ಬರಲಾ ಎಂದು ಮೆಂತ್ಯ ಕೂಗಿತು. ಸಾಸಿವೆಯ ಮೈ ಚುರುಗುಟ್ಟುತ್ತಿತ್ತು, ಆದರೂ ಸುಮ್ಮನಿತ್ತು.

ಕೊನೆಗೆ ಹದ ಬಂತು. ಸಾಸಿವೆ ಬನ್ನಿ ಎಂದು ಕೂಗಲು ಹೋಯಿತು, ದನಿ ಹೊರಡಲಿಲ್ಲ. ಬಾಯಿಂದ ಆಗದ್ದನ್ನು ಅದು ಇಡೀ ಮೈಯಿಂದ ಹೇಳಿತು.

ಚಟ್!

ಹಿಂದೆಯೇ ಬಳಗವೆಲ್ಲ ಚಟಚಟ, ಪಟಪಟ. ಒಂದು ಕಾಳು ತೊಲೆಗೆ ಬಡಿಯಿತು, ಒಂದು ಚೆಲುವಕ್ಕನ ಮೂಗಿಗೆ ಬಡಿಯಿತು. ಚೆಲುವಕ್ಕ ಎಷ್ಟೋ ದಿನಗಳ ಮೇಲೆ ನಕ್ಕಳು. ಜೀರಿಗೆ ಸರಸರ ಇಳಿದು ಘಮ್ಮೆಂದಿತು. ಮೆಂತ್ಯ ಈ ಸಲ ಸೀಯದೆ ಹೊಂಬಣ್ಣಕ್ಕೆ ತಿರುಗಿತು. ಕರಿಬೇವು ಮುಚ್ಚಳದ ಹಿಂದಿನಿಂದ ಓಡಿಬಂದು ಚೊಂಯ್ ಎಂದಿತು. ಚೆಲುವಕ್ಕ ಸೌಟನ್ನು ಸಾರಿನಲ್ಲಿ ಅದ್ದಿ ತಟ್ಟನೆ ತಟ್ಟೆ ಮುಚ್ಚಿದಳು.

ಗಾಳಿಯನ್ನು ಕರೆಯಬೇಕಾಗಲೇ ಇಲ್ಲ. ಅದು ಆಗಲೇ ಆ ಘಮವನ್ನು ಎತ್ತಿಕೊಂಡು ಕೆಂಪಿಯ ಹಾಸಿಗೆಗೆ ಓಡಿತ್ತು. ಕೆಂಪಿ ಒಂದು ಸಲ ಸೀನಿದಳು, ಇನ್ನೊಂದು ಸಲ ಸೀನಿದಳು, ಎದ್ದು ಕುಳಿತಳು.

"ಅವ್ವಾ, ಹಸಿವಾಗ್ತಿದೆ," ಅಂದಳು.

ಚೆಲುವಕ್ಕನ ಕಣ್ಣು ತುಂಬಿತು. ಬಿಸಿ ಅನ್ನಕ್ಕೆ ಸಾರು ಹಾಕಿ ಕಲಸಿ ಕೊಟ್ಟಳು. ಕೆಂಪಿ ತಟ್ಟೆ ಬಳಿದು ಉಂಡಳು. ಉಂಡ ಮೇಲೆ ನೋಡಿದರೆ ಮಡಿಲಲ್ಲಿ ಒಂದು ಸಾಸಿವೆ ಕಾಳು, ಮೊದಲು ಸಿಡಿದು ಹಾರಿಬಂದದ್ದು. ಅದನ್ನು ಅಂಗೈಯಲ್ಲಿ ಉರುಳಿಸಿ, ಬಾಯಿಗೆ ಹಾಕಿಕೊಂಡು ಕಟುಂ ಎಂದು ಕಡಿದಳು.

"ಇದರಲ್ಲೂ ಘಮ ಇದೆ ಅವ್ವಾ," ಅಂದಳು.

ಅದನ್ನು ಕೇಳಿ ಬಟ್ಟಲಿನಲ್ಲಿದ್ದ ಸಾಸಿವೆಗಳೆಲ್ಲ ಹಿಗ್ಗಿ ಉರುಳಾಡಿದವು. ಜೀರಿಗೆ ತನ್ನ ದೊಡ್ಡ ಗುಳಿಯನ್ನು ತಾನಾಗಿಯೇ ಅವಕ್ಕೆ ಬಿಟ್ಟುಕೊಟ್ಟಿತು.

ಅದಕ್ಕೇ ಇವತ್ತಿಗೂ ಒಗ್ಗರಣೆಗೆ ಮೊದಲು ಇಳಿಯುವುದು ಸಾಸಿವೆ. ಅದು ಚಟ್ ಎನ್ನುವ ತನಕ ನಿಮ್ಮಮ್ಮ ಜೀರಿಗೆಯನ್ನು ಕೈಯಲ್ಲೇ ಹಿಡಿದು ಕಾಯುತ್ತಾಳೆ. ನೀನು ಒಲೆಯ ಮುಂದೆ ನಿಂತು ಅಡುಗೆ ಕಲಿಯುವ ದಿನ ನೀನೂ ಕಾಯಬೇಕು. ಆಗ ಒಂದು ಕಾಳು ಬಾಣಲೆಯಿಂದ ಹಾರಿ ನಿನ್ನ ಕಾಲ ಬಳಿ ಬಿದ್ದರೆ ಬೈಯಬೇಡ, ಅದು ಕೆಂಪಿ ಉಂಡಳೋ ಇಲ್ಲವೋ ನೋಡಲು ಹೊರಟಿದೆ.