ಮಗ್ಗ ನಿಂತ ದಿನ

“ಗುರುಗಳೇ, ನನ್ನ ಗೆಳೆಯನಲ್ಲಿ ಒಂದು ಕೊರತೆಯಿದೆ ಎಂದು ನಿನ್ನೆ ಯಾರೋ ಹೇಳಿದರು. ಇನ್ನು ಅವನನ್ನು ಮೊದಲಿನಂತೆ ಪ್ರೀತಿಸುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ನೇಕಾರರ ಬೀದಿ. ಮನೆಮನೆಯಲ್ಲೂ ಮಗ್ಗ. ಆ ಸದ್ದಿನಲ್ಲಿ ಕೂಗಿದರೆ ಗಂಟಲು ನೋಯುತ್ತಿತ್ತೇ ಹೊರತು ಯಾರಿಗೂ ಕೇಳುತ್ತಿರಲಿಲ್ಲ. ಹಾಗಾಗಿ ಜನ ಕೈಯಲ್ಲೇ ಮಾತಾಡುತ್ತಿದ್ದರು. ಬೆರಳು ಬಾಯಿಗೆ ಒಯ್ದರೆ ‘ಊಟವಾಯಿತೇ’ ಎಂದು. ಅಂಗೈಯಿಂದ ಕಿವಿ ಮುಚ್ಚಿ ತಲೆಯಾಡಿಸಿದರೆ ‘ಕೇಳಿಸಲಿಲ್ಲ’ ಎಂದು. ಹೆಸರು ಹೇಳಬೇಕಾದರೆ ಗಾಳಿಯಲ್ಲಿ ಒಂದೊಂದೇ ಅಕ್ಷರ ಬರೆಯುತ್ತಿದ್ದರು. ಚಾಡಿಯನ್ನೂ ಹಾಗೆಯೇ ಹೇಳುತ್ತಿದ್ದರು, ಅದಕ್ಕೇನೂ ಬರವಿರಲಿಲ್ಲ.

ಅಲ್ಲಿಯ ಹೆಂಗಸೊಬ್ಬಳು ಮಗನಿಗೆ ಹೆಣ್ಣು ನೋಡಲು ಬೇರೆ ಊರಿನ ನೇಕಾರನ ಮನೆಗೆ ಹೋದಳು. ಅಲ್ಲೂ ಮಗ್ಗ ನಡೆದಿತ್ತು. ಎಳೆ ಕಡಿದರೆ ಏನು ಮಾಡುವೆ ಎಂದು ಕೈಯಲ್ಲೇ ಕೇಳಿದಳು. ಹುಡುಗಿ ಗಾಳಿಯಲ್ಲೇ ಗಂಟು ಹಾಕಿ ತೋರಿಸಿ ನಕ್ಕಳು. ಮಗಳಿಗೆ ಕಿವಿ ಕೇಳದೆಂದು ಗೊತ್ತಿದ್ದೇ ಇವರು ಕೈಯಲ್ಲಿ ಕೇಳಿದರು ಎಂದುಕೊಂಡ ತಂದೆ. ಮಗ್ಗದ ಮನೆಯ ರೀತಿ ಬಲ್ಲ ಹುಡುಗಿ ಎಂದುಕೊಂಡಳು ಆಕೆ. ಯಾರೂ ಸುಳ್ಳು ಹೇಳಲಿಲ್ಲ. ಮದುವೆಯಾಯಿತು. ಮಗನಿಗೆ ಮೊದಲ ದಿನವೇ ತಿಳಿಯಿತು. ಅವ್ವನಿಗೆ ಗೊತ್ತೇ ಇರುತ್ತದೆ ಎಂದು ಅವನೂ ಸುಮ್ಮನಿದ್ದ. ರಾತ್ರಿಯೂ ರೂಢಿಯಂತೆ ಕೈಯಲ್ಲೇ ಮಾತಾಡುತ್ತ ಅತ್ತೆ ಸೊಸೆ ಹಾಲು ಸಕ್ಕರೆಯಂತೆ ಬೆರೆತರು.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಅಂದು ಯಾರೂ ಮಗ್ಗ ಮುಟ್ಟುವುದಿಲ್ಲ. ಬೀದಿಗೆ ಬೀದಿಯೇ ಬಾಯಿ ತುಂಬ ಹರಟುತ್ತಿತ್ತು. ಸೊಸೆ ಅಂಗಳದಲ್ಲಿ ಬೆನ್ನು ಮಾಡಿ ಕೂತು ಜೋಳ ಹಸನು ಮಾಡುತ್ತಿದ್ದಳು. ಅತ್ತೆ ಕಟ್ಟೆಯಿಂದ ಕೂಗಿದಳು. ತಿರುಗಲಿಲ್ಲ. ಎದುರು ಮನೆಯಾಕೆ ಎದ್ದು ಬಂದು ಸೊಸೆಯ ಹಿಂದೆ ಊಟದ ತಾಟು ಬಡಿದಳು. ಆಗಲೂ ತಿರುಗಲಿಲ್ಲ.

“ಅಯ್ಯ, ಈಕಿಗೆ ಕಿವಿ ಕೇಳಂಗಿಲ್ಲ! ಮೋಸ ಹೋದ್ರಿ. ಇವತ್ತ ತವರಿಗೆ ಕಳಿಸಿಬಿಡ್ರಿ!”

ಅತ್ತೆಯ ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಸೊಸೆ ತಿರುಗಿದಳು. ಎಲ್ಲರ ಮುಖ ನೋಡಿ ಅವಳಿಗೆ ವಿಷಯ ತಿಳಿಯಿತು. ಮೊರ ಕೆಳಗಿಟ್ಟು ಎದ್ದು ನಿಂತಳು. ಅದನ್ನು ಕಂಡ ಅತ್ತೆ ಕಟ್ಟೆ ಇಳಿದು ಬಂದು, ಸೊಸೆಯ ಎದುರು ನಿಂತು, ಬೆರಳು ಬಾಯಿಗೆ ಒಯ್ದಳು. ಸೊಸೆ ಕಣ್ಣು ತುಂಬಿಕೊಂಡು, ಊಟವಾಗಿಲ್ಲ ಎಂದು ತಲೆಯಾಡಿಸಿದಳು.

ಎದುರು ಮನೆಯಾಕೆ ಬಿಡಲಿಲ್ಲ. “ನಾ ಹೇಳಿದ್ದು ಕೇಳಿಸ್ತಿಲ್ಲೇನ್ರಿ?” ಎಂದು ಒದರಿದಳು.

ಬೀದಿಯಲ್ಲಿ ಒಂದು ಮಗ್ಗವೂ ನಡೆಯುತ್ತಿರಲಿಲ್ಲ. ಅತ್ತೆ ಅಂಗೈಯಿಂದ ಕಿವಿ ಮುಚ್ಚಿ ತಲೆಯಾಡಿಸಿದಳು.

ಬೀದಿಯೆಲ್ಲ ಗೊಳ್ಳೆಂದು ನಕ್ಕಿತು. ಸೊಸೆಯೂ ನಕ್ಕಳು. ಅತ್ತೆ ಅವಳನ್ನು ಊಟಕ್ಕೆ ಒಳಗೆ ಕರೆದೊಯ್ದಳು.

ಕತೆ ಮುಗಿಸಿ ಗುರುಗಳು ಕೇಳಿದರು: “ನಿನ್ನೆ ಅವರು ಗೆಳೆಯನ ಕೊರತೆ ಹೇಳುವಾಗ ನಿನ್ನ ಕೈ ಎಲ್ಲಿತ್ತಪ್ಪ?”