ಪಿಯಾನೋ ಕಂಡಕ್ಟರ್ ಆದದ್ದು

ವಾದ್ಯವೃಂದಕ್ಕೆ ಹೊಸದಾಗಿ ಸೇರಿದ ಎಳೆಯ ಪಿಯಾನೋಗೆ, ತಾನೂ ನುಡಿಸುತ್ತ ಎಲ್ಲರನ್ನೂ ನಡೆಸುವ ಕಂಡಕ್ಟರ್ ಕೆಲಸ ಸಿಕ್ಕಿತು. ತಾಲೀಮು ಕೆಟ್ಟರೆ ಆ ಕೆಲಸ ಮುದಿ ನಗಾರಿಯ ಪಾಲು.

"ಕಂಡಕ್ಟರಮ್ಮಾ, ಒಂದು ಟಿಕೆಟ್ ಕೊಡು, ಮುಂದಿನ ಸ್ಟಾಪಲ್ಲಿ ಇಳೀತೀನಿ," ಎಂದಿತು ನಗಾರಿ. ಪಿಟೀಲುಗಳು ಕಿಸಕ್ಕೆಂದವು.

"ಇಳಿಯೋರು ಇಳೀಬಹುದು, ತಾತ. ಬಸ್ಸು ಮಾತ್ರ ನಾನು ರೈಟ್ ಅಂದಮೇಲೇ ಹೊರಡೋದು," ಎಂದಿತು ಪಿಯಾನೋ.

ನಗಾರಿ ಕೇಳದೆ ತನ್ನ ಪಾಡಿಗೆ ಢಮಢಮ ಹೊರಟೇಬಿಟ್ಟಿತು. ಪಿಯಾನೋ ಜೋರಾಗಿ ನುಡಿಸಿದರೆ ನಗಾರಿ ಇನ್ನೂ ಜೋರು. ಕೊನೆಗೆ ಪಿಯಾನೋ ನುಡಿಸುವುದನ್ನೇ ನಿಲ್ಲಿಸಿತು. ಅದನ್ನು ನೋಡಿ ಪಿಟೀಲುಗಳೂ ನಿಂತವು. ಇಡೀ ಸಭಾಂಗಣದಲ್ಲಿ ತನ್ನದೊಂದೇ ಸದ್ದು ಕೇಳಿಸಿದಾಗ ನಗಾರಿಗೆ ನಾಚಿಕೆಯಾಯಿತು.

"ಯಾಕಮ್ಮ ನಿಲ್ಲಿಸಿದೆ?"

"ನಿಮ್ಮದು ಮುಗೀಲಿ ಅಂತ. ಈಗ ಮೊದಲಿಂದ, ಎಲ್ಲರೂ."

ನಗಾರಿ ಕೋಲೆತ್ತಿ ಹಿಡಿದು, ಪಿಯಾನೋ ಕಡೆಗೇ ನೋಡುತ್ತ ಕಾಯಿತು.